ಅತ್ತೆಯ ಬಲಗೈಗೆ ಹೊಂದಿಸಿದ ಪ್ಯಾಡು

ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದೆ. ಎದುರಿಗೆ ಅತ್ತೆಯೂ ಕೂತಿದ್ದರು. ಬಚ್ಚಲಲ್ಲಿ ಜಾರಿಬಿದ್ದು ಅವರ ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಪಟ್ಟಿ ಬಿಚ್ಚಿದ ಮೇಲೂ ಬೆರಳಿಗೆ ಕಸುವು ಬಂದಿರಲಿಲ್ಲ. ದಿನಾ ರಬ್ಬರ್ ಚೆಂಡು ಒತ್ತಿ ಎಂದು ಡಾಕ್ಟರು ಹೇಳಿದ್ದರು. "ಈ ವಯಸ್ಸಲ್ಲಿ ನಾನು ಚೆಂಡಾಟ ಆಡ್ಲಾ? ಅದರ ಬದ್ಲು ಅವರೆಕಾಳು ಇದುಕ್ತೀನಿ, ಸಾರಿಗಾದ್ರೂ ಆಯ್ತದೆ" ಎಂದು ಅತ್ತೆ ನನ್ನ ಜೊತೆ ಕೂರುತ್ತಿದ್ದರು. ಅವರು ಒತ್ತಿದ ಕಾಳು ಸಿಪ್ಪೆ ಬಿಡುತ್ತಿರಲಿಲ್ಲ. ಬೆರಳಿಂದ ಜಾರಿ ಅಡುಗೆಮನೆಯೆಲ್ಲ ಓಡಾಡುತ್ತಿತ್ತು. ನಾನು ಒಲೆಯ ಕೆಳಗೆ ಕೈಹಾಕಿ ಹುಡುಕಿ ತರುತ್ತಿದ್ದೆ. ಹೇಗೋ ಎಲ್ಲ ಸಿಗುತ್ತಿದ್ದವಲ್ಲ, ಅದೇ ಪುಣ್ಯ.

ಆಗ ನರಸೀಪುರದಿಂದ ನನ್ನ ನಾದಿನಿಯ ಫೋನ್ ಬಂತು. ಕೈ ಒದ್ದೆಯಾಗಿತ್ತು, ಸ್ಪೀಕರಿಗೆ ಹಾಕಿದೆ. ತಪ್ಪಾಗಿದ್ದು ಅಲ್ಲೇ.

"ಅತ್ತಿಗೆ, ಮಗಳ ಮದುವೆ ಗಟ್ಟಿಯಾಯ್ತು! ಸಂಕ್ರಾಂತಿ ಕಳೆದ ಮೇಲೆ, ನಮ್ಮೂರ ಛತ್ರದಲ್ಲೇ. ಸೋಬಾನೆಗೆ ಬಾರಿಸೋಕೆ ಯಾರಿಗಾದ್ರೂ ಹೇಳ್ತೀವಿ. ಅವ್ವ ಸುಮ್ನೆ ಬಂದು ಮುಂದಿನ ಸಾಲಲ್ಲಿ ಕೂತ್ರೆ ಸಾಕು, ಪಾಪ."

ನಮ್ಮ ಮನೆಯ ಮದುವೆಗಳಲ್ಲಿ ಒಂದು ಪದ್ಧತಿ ಉಂಟು. ತಾಳಿ ಕಟ್ಟುವಾಗ ಓಲಗದವರ ಗಟ್ಟಿಮೇಳ. ಅದು ನಿಂತ ಕೂಡಲೇ, ಹಿರಿಯರು ಅಕ್ಷತೆ ಹಾಕುವಾಗ, ಮನೆ ಹೆಂಗಸರ ಸೋಬಾನೆ. ಆ ಸೋಬಾನೆಗೆ ಡೋಲಕ್ ಬಾರಿಸುವವರು ನಮ್ಮತ್ತೆ. ನನ್ನ ಮದುವೆಯಲ್ಲಿ ಬಾರಿಸಿದ್ದರು, ಈ ನಾದಿನಿಯ ಮದುವೆಯಲ್ಲಿ ಅಳುತ್ತಲೇ ಬಾರಿಸಿದ್ದರು. ಈಗ ಮದುವೆಯಾಗುವವಳು ಮೊದಲ ಮೊಮ್ಮಗಳು.

ಫೋನ್ ಇಟ್ಟೆ. ಅತ್ತೆ ಎದ್ದು ಕೈ ತೊಳೆದರು.

"ಪಾಪ ಅಂದ್ಲು, ಕೇಳುಸ್ಕೊಂಡ್ಯಾ?"

"ಪ್ರೀತಿಗೆ ಅಂದಿದ್ದಾಳೆ ಅತ್ತೆ."

"ಪ್ರೀತಿಗೆ ಅಂದಿದ್ದಕ್ಕೇ ಕಣವ್ವ ಒಟ್ಟೆ ಉರೀತಿರೋದು."

ಕೈ ಮುರಿದ ಮೇಲೂ ಸೋಮವಾರದ ಭಜನೆಗೆ ಹೋಗಿ ಹಾಡಿ ಬರುತ್ತಿದ್ದವರು ಆ ಸೋಮವಾರ ಹೋಗಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಡೋಲಕ್ಕನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕು ಎಂದು ನನ್ನ ಕೈಲೇ ಹಾಕಿಸಿದರು. ನಂಜುಂಡೇಶ್ವರನ ಮುಂದೆ ನಿಂತು ನಾನು ಬೇಡಿಕೊಂಡೆ: ಕೈ ಕೊಡು, ಇಲ್ಲದಿದ್ದರೆ ಉಪಾಯ ಕೊಡು.

ಉಪಾಯ ಸಿಕ್ಕಿದ್ದು ಕವಲಂದೆಯಿಂದ. ಅಲ್ಲಿರುವ ನನ್ನ ತಮ್ಮ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಾನೆ. ನೋಡಲು ದೊಡ್ಡ ಕ್ಯಾಲ್ಕುಲೇಟರಿನಂತಿರುವ ಯಂತ್ರ. ಮೇಲೆ ಎಂಟು ಕರಿ ರಬ್ಬರಿನ ಚೌಕಗಳು. ಒಂದೊಂದನ್ನು ತಟ್ಟಿದರೆ ಒಂದೊಂದು ವಾದ್ಯದ ಸದ್ದು. ಅವನು ಹೊಸದು ಕೊಂಡಿದ್ದ, ಹಳೆಯದು ಬೀರುವಿನ ಮೇಲಿತ್ತು. ಕೇಳಿದ್ದೇ ತಡ, ಒಂದು ಚಿಕ್ಕ ಸ್ಪೀಕರನ್ನೂ ಸೇರಿಸಿ ಬೈಕಿನಲ್ಲಿ ತಂದುಕೊಟ್ಟ.

"ಅವ್ವೋರೆ, ಇದ್ರಲ್ಲಿ ಡೋಲಕ್ಕೂ ಅದೆ, ತಬಲಾನೂ ಅದೆ, ತಮಟೆನೂ ಅದೆ. ಈ ದಪ್ಪ ಸದ್ದಿಗೆ ಕಾಲಲ್ಲಿ ಇಂಗೆ ಪೆಡಲ್ ಒತ್ತಿ" ಎಂದು ಅವನು ಅತ್ತೆಗೆ ತೋರಿಸಿದ.

ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ವಾದ್ಯಕ್ಕೆ ಕಾಲು ಮುಟ್ಟುಸ್ತೀಯೇನಪ್ಪ? ಪುಸ್ತಕ ತುಳುದ್ರೆ ಕಣ್ಣಿಗೊತ್ಕೊಳ್ಳೋ ಮನೆ ಕಣಪ್ಪ ಇದು."

"ಅದು ಪೆಡಲ್ಲು ಅವ್ವೋರೆ, ವಾದ್ಯ ಅಲ್ಲ."

"ವೈರು ಎಲ್ಲಿಗೋಗದೆ?"

"ಪ್ಯಾಡಿಗೆ."

"ಮತ್ತೆ?"

ನನ್ನ ತಮ್ಮ ನನ್ನ ಮುಖ ನೋಡಿದ. ಕೊನೆಗೆ ಪೆಡಲ್ ಕಿತ್ತು ಚೀಲಕ್ಕೆ ಹಾಕಿ, ಡೋಲಕ್ಕಿನ ದಪ್ಪ ಸದ್ದನ್ನು ಎಡಗೈ ಚೌಕಕ್ಕೂ ಸಣ್ಣ ಸದ್ದನ್ನು ಬಲಗೈ ಚೌಕಕ್ಕೂ ಕೂರಿಸಿಕೊಟ್ಟ. ಅಂದೇ ಸಂಜೆ ಎಲ್ಲೋ ಪ್ರೋಗ್ರಾಂ ಇತ್ತಂತೆ. "ಉಳಿದದ್ದು ಫೋನಲ್ಲಿ ಕೇಳಕ್ಕ" ಎಂದು ಹೊರಟುಹೋದ. ಕೋಣೆಯಲ್ಲಿ ಯಂತ್ರ, ನಾನು, ಅತ್ತೆ ಮೂವರೇ ಉಳಿದೆವು.

ಅತ್ತೆ ಅದನ್ನು ನೆಲಕ್ಕಿಡಲು ಬಿಡಲಿಲ್ಲ. ಮಣೆ ತರಿಸಿ ಅದರ ಮೇಲಿರಿಸಿ, ವಿಭೂತಿ ಇಟ್ಟು, ಕೈಮುಗಿದು ಬಾರಿಸಿದರು. ಎಡಗೈ ಗಟ್ಟಿಮುಟ್ಟು, "ಧುಂ" ಎಂದಿತು. ಬಲಗೈ ಬೆರಳು ಬಿತ್ತು. ಸದ್ದಿಲ್ಲ. ಮತ್ತೆ ಬಿತ್ತು, ಸದ್ದಿಲ್ಲ.

ಸದ್ದಿಲ್ಲ ಅಂದರೆ ವಾಲ್ಯೂಮ್ ಕಡಿಮೆ ಎಂದುಕೊಂಡೆ. ಟೀವಿ ವಿಷಯದಲ್ಲಿ ನಾನು ಕಂಡುಕೊಂಡ ಸತ್ಯ ಅದು. ಗುಂಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿದೆ. ಅತ್ತೆ ಬಲಗೈಲಿ ತಟ್ಟಿದರು. ಈಗಲೂ ಇಲ್ಲ. ಚೌಕದ ಮೇಲೆ ವಿಭೂತಿ ಪುಡಿ ಬಿದ್ದಿರುವುದು ಕಂಡು, ಬಟ್ಟೆಯಲ್ಲಿ ಹೀಗೆ ಒಂದೇಟು ಕೊಡವಿದೆ. ಮನೆ ನಡುಗುವ ಹಾಗೆ ಸದ್ದು ಬಂತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಚಪ್ಪಲಿಯಿಲ್ಲದೆ ಬೀದಿಗೆ ಓಡಿದರು. ಗ್ಯಾಸ್ ಸಿಲಿಂಡರ್ ಎಂದುಕೊಂಡರಂತೆ. ನಮ್ಮಿಬ್ಬರನ್ನೂ ಒಳಗೇ ಬಿಟ್ಟು ಓಡಿದ್ದೇಕೆ ಎಂದು ಅತ್ತೆ ಮಗನನ್ನು ಇವತ್ತಿಗೂ ಕೇಳುತ್ತಾರೆ.

ತಮ್ಮನಿಗೆ ಫೋನ್ ಮಾಡಿದೆ.

"ವಾಲ್ಯೂಮ್ ಅಲ್ಲ ಕಣಕ್ಕ, ಸೆನ್ಸಿಟಿವಿಟಿ. ವಾಲ್ಯೂಮ್ ಅಂದ್ರೆ ಅದು ಎಷ್ಟು ಜೋರಾಗಿ ಕೂಗ್ಬೇಕು ಅಂತ. ಸೆನ್ಸಿಟಿವಿಟಿ ಅಂದ್ರೆ ಅದರ ಕಿವಿ. ನಿಮ್ಮತ್ತೆ ಏಟು ಅದರ ಕಿವಿಗೇ ಬೀಳ್ತಿಲ್ಲ. ಕೇಳುಸ್ದೆ ಇರೋದನ್ನ ಅದು ಏನಂತ ಕೂಗೀತು?"

ಇಷ್ಟು ಚೆನ್ನಾಗಿ ಮೊದಲೇ ಹೇಳಿದ್ದರೆ ನಮ್ಮ ಯಜಮಾನರ ಮಾನ ಉಳಿಯುತ್ತಿತ್ತು. ಅವನು ಹೇಳಿದ ಗುಂಡಿಗಳನ್ನು ಒತ್ತಿ ಒಳಗೆ ಹೋದೆ. ಸೆನ್ಸಿಟಿವಿಟಿ ಒಂದರಿಂದ ಹದಿನಾರರವರೆಗೆ ಇತ್ತು. ಹೆಚ್ಚಿದಷ್ಟೂ ಮೆತ್ತನೆ ಏಟೂ ಕೇಳುತ್ತದೆ. ಅದರ ಕೆಳಗೆ ಥ್ರೆಶ್‌ಹೋಲ್ಡ್ ಎಂದಿತ್ತು. "ಅದು ಒಸ್ಲು ಇದ್ದಂಗೆ ಕಣಕ್ಕ, ಎತ್ತರ ಇದ್ರೆ ಸಣ್ಣ ಏಟು ದಾಟಿ ಒಳಕ್ಕೆ ಬರಕ್ಕಾಗಲ್ಲ" ಎಂದ. ಕಿವಿಯನ್ನು ಹದಿನಾರು ಮಾಡಿದೆ, ಹೊಸಿಲನ್ನು ಪೂರ್ತಿ ಇಳಿಸಿದೆ. ಎಂಟು ಚೌಕಕ್ಕೂ ಹಾಗೇ ಮಾಡಿದೆ, ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡುವುದು ಸರಿಯಲ್ಲ ಎಂದು.

ಅತ್ತೆಯ ಬೆರಳು ಬಿತ್ತು. "ತಕ್" ಎಂದಿತು. ನಾವಿಬ್ಬರೂ "ಶಿವಾ" ಎಂದೆವು.

ಆದರೆ ಹೊಸಿಲು ತಗ್ಗಿಸಿದರೆ ಅತ್ತೆಯೂ ಒಳಗೆ ಬರುತ್ತಾರೆ, ಪಕ್ಕದ ಮನೆಯ ಬೆಕ್ಕೂ ಬರುತ್ತದೆ. ನಾನು ಮಣೆಯ ಅಂಚಿಗೆ ಕಾಫಿ ಲೋಟ ಇಟ್ಟರೆ ಧುಂ. ಬಳೆ ಕುಲುಕಿ ಚೌಕಕ್ಕೆ ತಾಗಿದರೆ ತಮಟೆ. ಒಂದನ್ನು ತಟ್ಟಿದರೆ ಪಕ್ಕದ ಎರಡು ತಾವೂ ಹೂಂಗುಟ್ಟುತ್ತಿದ್ದವು. ಅಡುಗೆಮನೆಯಲ್ಲಿ ಖಾರದಪುಡಿ ಕುಟ್ಟಿದರೆ ಒಳಗಿಂದ ತಬಲಾ ಜವಾಬು ಕೊಡುತ್ತಿತ್ತು.

ತಮ್ಮ ಇನ್ನೊಂದು ಉಪಾಯ ಹೇಳಿದ: ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಒಂದೇ ಸದ್ದು ಬರುವ ಹಾಗೆ ಫಿಕ್ಸ್ ಮಾಡುವುದು. ಮಾಡಿದೆ. ಅತ್ತೆ ಎರಡು ಆವರ್ತ ಬಾರಿಸಿ ಕೈ ಎತ್ತಿದರು.

"ಇದು ಬಾರಿಸೋದಲ್ಲ ಕಣವ್ವ, ಯಾರ್ದೋ ಮನೆ ಬೆಲ್ ಒತ್ತೋದು. ಮೆಲ್ಲಗೆ ತಟ್ಟಿದ್ದು ಮೆಲ್ಲಗೆ ಕೇಳ್ಬೇಕು. ಇಲ್ಲದಿದ್ರೆ ಅದು ನನ್ನ ಕೈ ಎಂಗಾಯ್ತದೆ?"

ಅಂದು ಶುಕ್ರವಾರ. ಪೂಜೆ ಮುಗಿಸಿ ಬಂದ ಅತ್ತೆ, ಅಭ್ಯಾಸಬಲದಿಂದ, ವಾದ್ಯಕ್ಕೂ ಇರಲಿ ಎಂದು ಒಂದು ಹಿಡಿ ಅಕ್ಷತೆ ಎರಚಿದರು. ಯಂತ್ರ ಆನ್ ಆಗಿಯೇ ಇತ್ತು. ಕಿವಿ ಹದಿನಾರರಲ್ಲಿತ್ತು, ಏಟು ಎಂಥದಾದರೂ ಒಂದೇ ಸದ್ದಿಗೆ ಫಿಕ್ಸ್ ಆಗಿತ್ತು. ಅಕ್ಕಿಕಾಳು ಬಿದ್ದ ಹಾಗೆಲ್ಲ ಡೋಲಕ್ಕು, ತಬಲಾ, ತಮಟೆ, ತಾಳ ಎಲ್ಲ ಒಟ್ಟಿಗೆ ಹೊಡೆದುಕೊಂಡವು. ಇಡೀ ಮೆರವಣಿಗೆಯೇ ದೇವರ ಕೋಣೆ ಮುಂದೆ ಹಾದುಹೋದ ಹಾಗಾಯಿತು. ಅತ್ತೆ ಎರಡೂ ಕೈ ಎತ್ತಿ ಮುಗಿದರು.

"ನಂಜುಂಡಪ್ಪ ಒಪ್ಕೊಂಡ ಕಣವ್ವ!"

ನಾನು ಅದಕ್ಕೆ ಎದುರಾಡಲಿಲ್ಲ. ಒಪ್ಪಿಕೊಳ್ಳುವವನು ಹೇಗಾದರೂ ಒಪ್ಪಿಕೊಳ್ಳಲಿ. ಆದರೆ ಇನ್ನು ಮುಂದೆ ಅಕ್ಷತೆಯನ್ನು ದೇವರಿಗೆ ಮಾತ್ರ ಹಾಕಿ ಎಂದು ಬೇಡಿಕೊಂಡೆ.

ಚೌಕಗಳ ಸಂದಿಯಿಂದ ಅಕ್ಕಿ ಆರಿಸುವಾಗ ನನಗೆ ಒಂದು ಹೊಳೆಯಿತು. ಎಂಟು ಚೌಕಕ್ಕೂ ಒಂದೇ ಅಳತೆ ಯಾಕೆ ಕೊಟ್ಟೆ? ಅತ್ತೆಗೆ ಬೇಕಾದದ್ದು ಎರಡೇ ಚೌಕ. ಅವರ ಎರಡು ಕೈಗಳೂ ಒಂದೇ ಅಲ್ಲ. ಊಟಕ್ಕೆ ಕೂತವರಿಗೆಲ್ಲ ಒಂದೇ ಅಳತೆಯಲ್ಲಿ ಬಡಿಸುವವಳು ನಾನಲ್ಲ, ಯಂತ್ರದ ಮುಂದೆ ಕೂತಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ. ಬೇಡದ ಆರು ಚೌಕಗಳ ವಾಲ್ಯೂಮನ್ನು ಸೊನ್ನೆ ಮಾಡಿದೆ. ಎಡಗೈ ಚೌಕದ ಕಿವಿಯನ್ನು ಆರಕ್ಕೆ ಇಳಿಸಿ ಹೊಸಿಲನ್ನು ಎತ್ತರಿಸಿದೆ. ಬಲಗೈಯದನ್ನು ಹದಿನಾರರಲ್ಲೇ ಬಿಟ್ಟು, ಹೊಸಿಲನ್ನು ಕೆಳಗೇ ಬಿಟ್ಟು, ಫಿಕ್ಸ್ ತೆಗೆದುಹಾಕಿದೆ. ಎಡಗೈ ಸದ್ದು ಬಲಗೈಯದನ್ನು ನುಂಗದಿರಲೆಂದು ಅದರ ವಾಲ್ಯೂಮನ್ನು ಸ್ವಲ್ಪ ತಗ್ಗಿಸಿದೆ. ಮಣೆಯ ಮೇಲೆ ಹಳೇ ಕಂಬಳಿ ಮಡಿಸಿ ಹಾಕಿ ಅದರ ಮೇಲೆ ಪ್ಯಾಡ್ ಇಟ್ಟೆ. ಲೋಟದ ಕಾಟ ನಿಂತಿತು.

ಅತ್ತೆ ಬಾರಿಸಿದರು. ಮೆಲ್ಲಗೆ ತಟ್ಟಿದ್ದು ಮೆಲ್ಲಗೆ, ಒತ್ತಿ ತಟ್ಟಿದ್ದು ಒತ್ತಿ. ಸೋಬಾನೆಯ ನಡೆ ಬಂತು. ಅವರು ಬಲಗೈ ತಿರುಗಿಸಿ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

"ನಿಜ ಏಳು. ಬಾರಿಸ್ತಿರೋದು ನಾನೋ, ಈ ಮಿಷಿನ್ನೋ?"

"ಕನ್ನಡಕ ಹಾಕ್ಕೊಂಡು ಪಂಚಾಂಗ ಓದ್ತೀರಲ್ಲ ಅತ್ತೆ, ಓದೋದು ನೀವೋ, ಕನ್ನಡಕವೋ?"

"ಅಂಗಾದ್ರೆ ಸರಿ. ಅವಳಿಗೆ ಫೋನ್ ಮಾಡು."

ಮಗಳಿಗೆ ಅತ್ತೆ ಹೇಳಿದ್ದು ಇಷ್ಟೇ: "ಮುಂದಿನ ಸಾಲಲ್ಲಿ ಕೂರಲ್ಲ, ಸ್ಟೇಜ್ ಮೇಲೆ ಕೂರ್ತೀನಿ." ಆಮೇಲೆ ನಾದಿನಿ ನನಗೆ ಬೇರೆ ಫೋನ್ ಮಾಡಿದಳು. "ಅತ್ತಿಗೆ, ಗಂಡಿನ ಕಡೆಯೋರೆಲ್ಲ ಇರ್ತಾರೆ. ಅವ್ವ ಅಷ್ಟು ಜನರ ಮುಂದೆ ತಟ್ಟಿ ಸದ್ದು ಬರ್ಲಿಲ್ಲ ಅಂದ್ರೆ ಆಮೇಲೆ ಮನೆಯಿಂದ ಆಚೆಗೇ ಬರಲ್ಲ. ನೀವೇ ಜವಾಬ್ದಾರಿ." ಅವಳ ಮಾತು ಸುಳ್ಳಲ್ಲ. ನನಗೂ ಇದ್ದ ಭಯ ಅದೇ.

ಮದುವೆಯ ಬೆಳಿಗ್ಗೆ ಭಜನೆಯ ಹೆಂಗಸರನ್ನೂ ಕರೆದುಕೊಂಡು ನರಸೀಪುರಕ್ಕೆ ಹೊರಟೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಪ್ಯಾಡನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡೆ. ಛತ್ರ ತಲುಪಿ ಸ್ಟೇಜ್ ಹತ್ತಿದಾಗ ಕಾಲ ಕೆಳಗೆ ನೆಲ ಅಲುಗಿತು. ಮರದ ಹಲಗೆಯ ಸ್ಟೇಜು. ಪ್ಯಾಡ್ ಇಟ್ಟು ಆನ್ ಮಾಡಿದೆ. ವಿಡಿಯೋದವನು ಆ ತುದಿಯಿಂದ ಈ ತುದಿಗೆ ನಡೆದ. ಅವನ ಹೆಜ್ಜೆಗೊಂದು "ತಕ್". ಕಂಬಳಿ ಇದ್ದರೂ ತಕ್, ತಕ್. ಅವನು ನಿಂತ, ಸದ್ದೂ ನಿಂತಿತು. ಹಿಂದೆ ತಿರುಗಿ ನೋಡಿ ಮತ್ತೆ ಒಂದು ಹೆಜ್ಜೆ ಇಟ್ಟ. ತಕ್.

"ಏನಮ್ಮಾ ಇದು, ನನ್ ಕಾಲಿಗೇನಾದ್ರೂ ಕಟ್ಟಿದ್ದೀರಾ?"

ಸೌಂಡಿನವನು ನನ್ನ ಪ್ಯಾಡಿನ ವೈರನ್ನು ತನ್ನ ದೊಡ್ಡ ಪೆಟ್ಟಿಗೆಗೆ ಚುಚ್ಚಿದ್ದ. ಅಲ್ಲಿಗೆ ವಾಲ್ಯೂಮ್ ಅವನ ಕೈಲಿ, ಸೆನ್ಸಿಟಿವಿಟಿ ನನ್ನ ಕೈಲಿ. ತಮ್ಮನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಅವನೂ ಎಲ್ಲೋ ಸ್ಟೇಜ್ ಮೇಲಿದ್ದನೇನೋ. ಕಿವಿ ತಗ್ಗಿಸಿದರೆ ಹೆಜ್ಜೆ ನಿಲ್ಲುತ್ತದೆ, ಅತ್ತೆಯ ಬೆರಳೂ ನಿಲ್ಲುತ್ತದೆ. ಹಲಗೆಗೂ ಪ್ಯಾಡಿಗೂ ನಡುವೆ ಅಲುಗದಂಥದ್ದು ಏನಾದರೂ ಬೇಕಿತ್ತು. ಅಡುಗೆಯವರ ಉಗ್ರಾಣಕ್ಕೆ ಹೋದೆ. ಅಕ್ಕಿಮೂಟೆಗಳು ಸಾಲಾಗಿ ಕೂತಿದ್ದವು.

"ಅಣ್ಣಾ, ಒಂದು ಮೂಟೆ ಬೇಕಿತ್ತು."

"ಯಾಕಮ್ಮ?" ಎಂದ ಅಡುಗೆ ಭಟ್ಟ.

"ಡೋಲಕ್ ಕೂರ್ಸೋಕೆ."

ಅವನು ಮದುವೆಮನೆಗಳಲ್ಲಿ ಏನೇನು ನೋಡಿದ್ದನೋ, ಮರುಮಾತಾಡದೆ ಇಬ್ಬರ ಕೈಲಿ ಹೊರಿಸಿ ಕಳಿಸಿದ. "ಊಟದ ಒಳಗೆ ವಾಪಸ್ ಬರ್ಬೇಕು, ಎರಡ್ನೇ ಪಂಕ್ತಿ ಅನ್ನ ಅದ್ರಲ್ಲಿದೆ" ಎಂದಷ್ಟೇ ಕೂಗಿದ. ಮೂಟೆಯನ್ನು ಅಡ್ಡ ಮಲಗಿಸಿ, ಮೇಲೆ ಕಂಬಳಿ, ಅದರ ಮೇಲೆ ಪ್ಯಾಡ್. ಅನ್ನಪೂರ್ಣೆಯ ಮೇಲೆ ಸರಸ್ವತಿ ಎಂದು ಅತ್ತೆ ಖುಷಿಯಿಂದ ಒಪ್ಪಿದರು. ವಿಡಿಯೋದವನನ್ನು ಎರಡು ಸಲ ನಡೆಸಿ ನೋಡಿದೆ. ಸದ್ದಿಲ್ಲ. ಕುಣಿ ಎಂದೆ. ಅದಕ್ಕೆ ಮಾತ್ರ ಅವನು ಒಪ್ಪಲಿಲ್ಲ.

ಇನ್ನು ನಿಶ್ಚಿಂತೆ ಎಂದು ಅತ್ತೆಯ ಪಕ್ಕ ಕೂತು ಬೆವರು ಒರೆಸಿಕೊಂಡೆ. ಮುಹೂರ್ತ ಹತ್ತಿರ ಬಂತು. ಅಷ್ಟರಲ್ಲಿ ಒಬ್ಬಾಕೆ ತಟ್ಟೆ ಹಿಡಿದು ಬಂದು ಎಲ್ಲರ ಅಂಗೈಗೂ ಏನೋ ಹಾಕುತ್ತಾ ಹೋದಳು. ನನ್ನ ಅಂಗೈಗೂ ಹಾಕಿದಳು. ನೋಡಿಕೊಂಡೆ. ಅಕ್ಷತೆ.

ಆ ಶುಕ್ರವಾರದ ಮೆರವಣಿಗೆ ಕಿವಿಯಲ್ಲಿ ಮೊಳಗಿತು. ಅಂದು ಒಂದು ಹಿಡಿ, ಚಿಕ್ಕ ಸ್ಪೀಕರು. ಇಂದು ಛತ್ರದ ತುಂಬ ಜನ, ಎಲ್ಲರ ಕೈಲೂ ಹಿಡಿ ಹಿಡಿ ಅಕ್ಕಿ, ಆಳೆತ್ತರದ ಸ್ಪೀಕರು. ನಾವು ಕೂತದ್ದು ಮದುಮಕ್ಕಳ ಬೆನ್ನ ಹಿಂದೆಯೇ. ಫಿಕ್ಸ್ ತೆಗೆದಿದ್ದೆ ನಿಜ, ಆದರೆ ಬಲಗೈ ಚೌಕ ಹದಿನಾರರಲ್ಲಿ ಕಿವಿ ನಿಮಿರಿಸಿಕೊಂಡು ಕೂತಿತ್ತು. ಅಯ್ನೋರು ಮಂತ್ರ ಮುಗಿಸುತ್ತಿದ್ದರು. ಓಲಗದವರು ಡೋಲು ಎತ್ತಿಕೊಂಡರು. ಗುಂಡಿ ಒತ್ತಿ ಹೊಸಿಲು ಎತ್ತರಿಸಲು ಬೆರಳು ಮುಂದೆ ಹೋಯಿತು. ಅತ್ತೆ ಆಗಲೇ ಬಲಗೈಯನ್ನು ಚೌಕದ ಮೇಲೆ ಹದವಾಗಿ ಇಟ್ಟುಕೊಂಡು, ಕಣ್ಣುಮುಚ್ಚಿ, ತುಟಿಯಲ್ಲೇ ನಡೆ ಹಾಕಿಕೊಳ್ಳುತ್ತಿದ್ದರು. ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ಆ ಕೈಗೆ ಹೊಂದಿಸಿದ್ದನ್ನು ಇನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಅಕ್ಕಿಯನ್ನು ಬೇರೆ ರೀತಿಯಲ್ಲಿ ತಡೆಯಬೇಕು.

ಅತ್ತೆ ಎಲ್ಲಿಗೆ ಹೋದರೂ ತಮ್ಮ ಕರಿ ಕೊಡೆ ಬಿಟ್ಟು ಹೋಗುವವರಲ್ಲ. ಮಳೆಯೇ ಇಲ್ಲದ ತಿಂಗಳಲ್ಲೂ ಅದು ಅವರ ಪಕ್ಕದಲ್ಲೇ ಬಿದ್ದಿತ್ತು. ತಾಳಿ ಕಟ್ಟಿದರು, ಗಟ್ಟಿಮೇಳ ಮೊಳಗಿ ನಿಂತಿತು. ನಾನು ಎದ್ದು ಅತ್ತೆಯ ಮೇಲೂ ಪ್ಯಾಡಿನ ಮೇಲೂ ಕೊಡೆ ಬಿಡಿಸಿ ಹಿಡಿದೆ.

"ಅತ್ತಿಗೆ! ಮದುವೆಮನೇಲಿ ಕರಿ ಕೊಡೆ ಬಿಚ್ಚಿದ್ದೀರಲ್ಲ, ಏನ್ ತಲೆ ಕೆಟ್ಟೋಯ್ತಾ?" ನಾದಿನಿ ಹಲ್ಲು ಕಚ್ಚಿಕೊಂಡು ನಗುತ್ತಲೇ ಬೈದಳು, ವಿಡಿಯೋ ನಡೆಯುತ್ತಿತ್ತಲ್ಲ.

ಅಕ್ಷತೆ ಸುರಿಯಿತು. ಕೊಡೆಯ ಮೇಲೆ ಪಟಪಟನೆ ಬಿದ್ದು ಸುತ್ತಲೂ ಜಾರಿತು. ಅದರ ಕೆಳಗೆ ಅತ್ತೆ ಬಾರಿಸತೊಡಗಿದರು. ಮೊದಲ "ಧುಂ" ಛತ್ರ ನಡುಗಿಸಿತು, ಅಯ್ನೋರ ಕೈಲಿದ್ದ ತೆಂಗಿನಕಾಯಿ ಉರುಳಿತು. ನಾನು ಸೌಂಡಿನವನಿಗೆ ಕಣ್ಣಲ್ಲೇ ಕೈಮುಗಿದೆ, ಪುಣ್ಯಾತ್ಮ ತಗ್ಗಿಸಿದ. ಆಮೇಲೆ "ತಕ್". ಮೆತ್ತಗೆ, ಸ್ವಚ್ಛವಾಗಿ, ಹಿಂದಿನ ಸಾಲಿನವರೆಗೂ ಕೇಳಿತು. ಹೆಂಗಸರು ಸೋಬಾನೆ ಎತ್ತಿಕೊಂಡರು. ಮದುಮಗಳು ಅಜ್ಜಿಯತ್ತ ತಿರುಗಿ ನೋಡಿದಳು, ಕಣ್ಣು ತುಂಬಿಕೊಂಡಳು. ನನ್ನ ತೋಳು ಸೋಲುತ್ತಿತ್ತು. ಕೊಡೆ ಒಂದು ಚಣ ವಾಲಿ ಅಂಚಿನಿಂದ ಕಾಳು ಜಾರಿತು. ಒಂದು ಹೆಚ್ಚಿನ "ತಕ್" ಬಂತು. ಅತ್ತೆ ಹುಬ್ಬು ಎತ್ತಿ ಅದನ್ನೂ ನಡೆಯೊಳಗೆ ಸೇರಿಸಿಕೊಂಡು ಮುಂದೆ ಹೋದರು.

ಹಾಡು ಮುಗಿದ ಮೇಲೆ ಗಂಡಿನ ಅಜ್ಜಿ ಊರುಗೋಲು ಹಿಡಿದು ನಮ್ಮ ಹತ್ತಿರ ಬಂದರು. ನಾದಿನಿಯ ಮುಖ ಬಿಳಿಚಿಕೊಂಡಿತು.

"ಸೋಬಾನೆಗೆ ಕೊಡೆ ಇಡಿಯೋದು ನಿಮ್ಮನೆ ಸಾಸ್ತ್ರವಾ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ತಲೆ ಆಡಿಸಿದರು. "ನಮ್ಮಲ್ಲೂ ಇತ್ತು ಕಣವ್ವ ಹಿಂದೆ. ಈಗಿನೋರು ಎಲ್ಲಾ ಬಿಟ್ಬುಟ್ಟವ್ರೆ. ನೀವು ಉಳುಸ್ಕೊಂಡಿದ್ದೀರಿ, ಒಳ್ಳೇದಾಗ್ಲಿ."

"ನಮ್ಮವ್ವಂದೇ ಒತ್ತಾಯ" ಎಂದಳು ನಾದಿನಿ, ಕೊಡೆಯನ್ನು ನನ್ನ ಕೈಯಿಂದ ಭಕ್ತಿಯಿಂದ ತೆಗೆದುಕೊಳ್ಳುತ್ತಾ.

ಅಕ್ಕಿಮೂಟೆ ಎರಡನೇ ಪಂಕ್ತಿಗೆ ಮೊದಲೇ ವಾಪಸಾಯಿತು. ಬಸ್ಸಿನಲ್ಲಿ ಅತ್ತೆ ತುಂಬ ಹೊತ್ತು ಕಪಿಲೆಯ ಕಡೆ ನೋಡುತ್ತಿದ್ದವರು, ನನ್ನ ಕಡೆ ತಿರುಗಿದರು.

"ಎಲ್ಲಾ ಏಟೂ ನಂದೇ. ಒಂದು ಬಿಟ್ಟು."

"ಅದು ಅಕ್ಕಿಕಾಳಿಂದು ಅತ್ತೆ."

"ಗೊತ್ತು. ತಾಳ ಸರ್ಯಾಗೇ ಇತ್ತು ಅದಕ್ಕೂ."

ಮುಂದಿನ ಸೋಮವಾರ ಅವರು ಭಜನೆಗೆ ಹೊರಟರು. ಪ್ಯಾಡ್ ಹೊತ್ತು ಹಿಂದೆ ಹೋಗುವುದು ನನ್ನ ಕೆಲಸವಾಯಿತು. ಅವರೆ ಕಾಲ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಕೊನೆಯ ಕಾಳುಗಳನ್ನು ಹಿದುಕುತ್ತಾ ಕೂತಿದ್ದೆ, ಅತ್ತೆ ಪಡಸಾಲೆಯಲ್ಲಿ ಬಾರಿಸಿಕೊಳ್ಳುತ್ತಿದ್ದರು. ಬಾರಿಸುವುದನ್ನು ನಿಲ್ಲಿಸಿ ಕೂಗಿದರು.

"ಇಲ್ಲಿ ಬಾ. ಇದು ಬಾಳ ಕೂಗ್ತದೆ. ಸುಮ್ನೆ ಕೈ ಇಟ್ರೂ ಸದ್ದು ಮಾಡ್ತದೆ. ಕೆಟ್ಟೋಗದೇನೋ ನೋಡು."

ಕೈ ಒರೆಸಿಕೊಂಡು ಹೋಗಿ ನೋಡಿದೆ. ಬಲಗೈ ಚೌಕ ಹದಿನಾರರಲ್ಲೇ ಇತ್ತು. ಹೊಸಿಲೂ ಇದ್ದ ಕಡೆಯೇ ಇತ್ತು. ಯಂತ್ರದಲ್ಲಿ ಏನೂ ಬದಲಾಗಿರಲಿಲ್ಲ.

"ಕೆಟ್ಟಿಲ್ಲ ಅತ್ತೆ" ಎಂದೆ. ಅವರ ಬಲಗೈ ಬೆರಳುಗಳನ್ನು ನೋಡಿದೆ. "ಒಂದು ಇಳಿಸ್ಲಾ?"

"ಎರಡು ಇಳ್ಸು."

ಹದಿನಾಲ್ಕು ಮಾಡಿದೆ. ಅತ್ತೆ ತಟ್ಟಿದರು. ಕೇಳಿತು. ಆಮೇಲೆ ಏನೂ ಆಗದವರ ಹಾಗೆ ಎದ್ದು ನನ್ನ ಜೊತೆ ಅಡುಗೆಮನೆಗೆ ಬಂದು, ಎದುರಿಗೆ ಕೂತು, ಒಂದು ಕಾಳನ್ನು ಬಲಗೈ ಬೆರಳಲ್ಲಿ ಹಿಡಿದು ಒತ್ತಿದರು. ಸಿಪ್ಪೆ ಬಿಟ್ಟ ಬೇಳೆ ಚಂಗನೆ ಹಾರಿ ನನ್ನ ಹಣೆಗೆ ಬಡಿಯಿತು. ನಾನು ಅದನ್ನು ತೆಗೆದು ಪಾತ್ರೆಗೆ ಹಾಕಿ, ಸಾರಿಗೆ ಕಾಯಿ ತುರಿಯಲು ಎದ್ದೆ.